ಕೆಂಪು ಬೆನ್ನಿನ ರಿಜಿಸ್ಟರ

ಮೇಜಿನ ಮ್ಯಾಲೆ ತೆರೆದಿಟ್ಟ ಆ ದಪ್ಪ ರಿಜಿಸ್ಟರ
ನಾನ ಹೊಲಿದದ್ದು.
ಬೆನ್ನಿಗೆ ಕೆಂಪು ಅರಿವಿ, ಮೂಲಿಗೆ ಖಾಕಿ ಪಟ್ಟಿ,
ಮೂರನೇ ತೂತಿನ ಹತ್ರ ದಾರ ಒಂದಿಷ್ಟು ಸೊಟ್ಟ.
ಅವತ್ತು ಕರೆಂಟ್ ಹೋಗಿತ್ತು, ನೆನಪೈತಿ.
ಗದಗಿನ್ಯಾಗ ಮೂವತ್ತು ವರ್ಷದಿಂದ ಬೈಂಡಿಂಗ್ ಮಾಡಾಂವ ನಾ;
ಖಾಲಿ ಹಾಳಿ ಹೊಲಿಯೂದಷ್ಟ ಕೆಲಸ,
ಅದರಾಗ ಯಾರ್ನ ತುಂಬತಾರ ಅಂತ
ಎಂದೂ ಕೇಳಿದಾಂವಲ್ಲ.

ಯಮನೂರ ನಮ್ಮನಿಗೆ ಬಂದಾಗ ನಾಕ ವರ್ಷ ಎಂಟು ತಿಂಗಳು.
ಅದೂ ಡಾಕ್ಟರು ಹಲ್ಲು ನೋಡಿ ಹೇಳಿದ್ದು.
ಒಂದು ಪ್ಲಾಸ್ಟಿಕ್ ಚೀಲ, ಎರಡು ಅಂಗಿ,
ಒಂದು ಹಾಳಿ: ತಾತ್ಕಾಲಿಕ ಪೋಷಣೆಗಾಗಿ.
ಪಾರ್ಸಲ್ ಇಸಗೊಂಡಂಗ ಮೂರು ಕಡೆ ಸಹಿ ಮಾಡಿದೆ.
ಶಂಕ್ರವ್ವ ಪೆನ್ನು ಹಿಡಿಯೂಕಿಂತ ಮೊದಲ
ಹುಡುಗನ ಮೂಗು ಒರಸಿದ್ಲು.

ಮೊದಲ ತಿಂಗಳು ಮಾತಿಲ್ಲ.
ಕಟಕ ರೊಟ್ಟಿ ಮುರದು ತಲಿದಿಂಬಿನ ಚೀಲದಾಗ ಬಚ್ಚಿಡ್ತಿದ್ದ,
ಹಾಸಿಗಿ ತುಂಬ ಇರಿವಿ ಸಾಲು.
ಬೈಬಾರದು ಅಂತ ತರಬೇತಿಯಾಗ ಹೇಳಿದ್ರು.
ಶಂಕ್ರವ್ವ ಬೈಲಿಲ್ಲ; ಮುಚ್ಚಳ ಇದ್ದ ಡಬ್ಬಿ ಕೊಟ್ಲು.
"ಇದು ನಿಂದು. ನಿನ್ನ ಕೇಳದ ನಾ ತಗಿಯಂಗಿಲ್ಲ."

ಮನಿ ನೋಡಾಕ ಬಂದ ಮೇಡಂ
ಕಿಟಕಿ ಎಣಿಸಿದ್ರು, ಸಂಡಾಸದ ಬಾಗಿಲ ಎಳದು ನೋಡಿದ್ರು,
ಗೋಂದಿನ ಡಬ್ಬಿ, ಕತ್ತರಿ, ಹಾಳಿ ಕೊಯ್ಯೋ ಮಷೀನು
ಹುಡುಗನ ಕೈಗೆ ಸಿಗಬಾರದು ಅಂತ ಬರಕೊಂಡ್ರು.
ಕೆಟ್ಟವರಲ್ಲ, ಪಾಪ. ಇಡೀ ಜಿಲ್ಲಾಕ್ಕ ಇಬ್ಬರ,
ಸ್ಕೂಟಿಗೆ ಪೆಟ್ರೋಲು ತಮ್ಮ ಕೈಯಿಂದ.
ಆರು ತಿಂಗಳಿಗೆ ಬ್ಯಾರೆ ಮೇಡಂ ಬಂದ್ರು,
ಮತ್ತ ಕಿಟಕಿ ಎಣಿಸಿದ್ರು.

ಅಣ್ಣಿಗೇರಿಯಾಗ ನಾದಿನಿ ಮಗಳ ಮದಿವಿ.
ಬಸ್ಸಿಗೆ ಅರ್ಧ ತಾಸಿನ ಹಾದಿ, ಆದ್ರ ಜಿಲ್ಲಾ ಬ್ಯಾರೆ,
ಪರವಾನಗಿ ಪತ್ರ ಬೇಕು.
ಪತ್ರ ಬಂತು ಖರೆ,
ಮದುಮಗಳಿಗೆ ಐದನೇ ತಿಂಗಳು ನಡದಾಗ.

ಸಾಲಿ ಫಾರ್ಮಿನ್ಯಾಗ: ಮಗುವಿಗೂ ನಿಮಗೂ ಸಂಬಂಧ.
ಮಾಸ್ತರು ಪೆನ್ನು ಎತ್ತಿ ಕುಂತ್ರು, ನಾ ನೆಲ ನೋಡಿದೆ.
ಯಮನೂರನ ಹೇಳಿದ: "ಇಂವ ಬುಕ್ಕು ಹೊಲಿಯೋ ಕಾಕಾ.
ರಾತ್ರಿ ಲೈಟು ಆರಸಂಗಿಲ್ಲ."
ಅಷ್ಟು ಬರಿಯಾಕ ಗೆರಿ ಸಾಲಲಿಲ್ಲ.

ಇವತ್ತು ಐದು ಮಂದಿ ಆ ಕಡೆ, ನಾವು ಈ ಕಡೆ,
ನಡಕ ನನ್ನ ಹೊಲಿಗಿ.
ಬಾಗಿಲ ಬಲ್ಲಿ ಸ್ಟೂಲಿನ ತುದಿಗೆ ಕುಂತಾಕಿ
ನೀಲಗಂಗಾ. ಹಡದಾಕಿ.
ಇಪ್ಪತ್ತೈದು ಇರಬಹುದು. ಗಲ್ಲದ ಮ್ಯಾಲಿನ ಗಾಯ ಮಾಯ್ದೈತಿ.
ಹಾಸ್ಟೆಲ್ಲಿನ ಅಡಿಗಿ ಕೆಲಸ ಸಿಕ್ಕೈತಿ, ಬಾಡಿಗಿ ಖೋಲಿ ಐತಿ;
ಬಾಡಿಗಿ ರಸೀದಿ ಲ್ಯಾಮಿನೇಶನ್ ಮಾಡಿಸಿ ತಂದಾಳ.
ಎರಡು ವರ್ಷ ಆಕಿನ್ನ ಮನಸಿನ್ಯಾಗ ಬೈದ ಬೈದೀನಿ.
ಎದುರಿಗೆ ಕಂಡಾಗ
ಒಂದು ಬೈಗಳಾನೂ ನೆನಪಾಗವಲ್ದು.

"ಮಗುವಿನ ಹಿತದೃಷ್ಟಿಯಿಂದ" ಅಂತ ಓದಿದ್ರು ಅಧ್ಯಕ್ಷರು.
ಎಷ್ಟು ನುಣ್ಣಗ, ಇಸ್ತ್ರಿ ಮಾಡಿದಂಗ.
ನಮಗ ಗೊತ್ತಿದ್ದ ಹಿತ ಅಂದ್ರ
ಬದನಿಕಾಯಿ ಭಜಿ ತಂದ್ರ
ಮ್ಯಾಲಿನ ಗರಿಗರಿ ಸಿಪ್ಪಿ ಅಂವಗ,
ಒಳಗಿನ ಬದನಿಕಾಯಿ ನನಗ.

"ಏನರ ಹೇಳೂದೈತೇನು?"
ಮನ್ಯಾಗ ಮೂರು ಸಲ ಬರದು ತಿದ್ದಿದ ಚೀಟಿ ಕಿಸೆದಾಗ ಉಳೀತು.
ಶಂಕ್ರವ್ವ ಎದ್ದು
ಅಧ್ಯಕ್ಷರಿಗಲ್ಲ, ಆಕಿಗೆ ಹೇಳಿದ್ಲು:
"ಡಬ್ಬಿ ಕೊಟ್ಟು ಕಳಸ್ತೀನವಾ.
ಖಾಲಿ ಆಗಾಕ ಬಿಡಬ್ಯಾಡ.
ಒಂದ ತುಣಕು ರೊಟ್ಟಿ ಇದ್ರೂ ಸಾಕು, ಮಕ್ಕೊಂತಾನ."
ನೀಲಗಂಗಾ ಹೂಂ ಅಂದ್ಲು.
ಆಮ್ಯಾಲೆ, ಸಣ್ಣಗ:
"ನನ್ನ ಗುರುತು ಹಿಡಿತಾನೇನ್ರಿ ಅಂವ?"
ಅದನ್ನ ಯಾರೂ ಬರಕೊಳ್ಳಲಿಲ್ಲ.

ಪುಟ ನೂರಾ ಹನ್ನೆರಡು. ಸಹಿಗೆ ಹಾಳಿ ಒತ್ತಿ ಹಿಡಿದೆ.
ಹೊಲಿಗಿ ಬಿಗಿ ಐತಿ ಇನ್ನೂ.
ಇದರಾಗಿಂದ ಒಂದು ಹಾಳಿ ಹರದ್ರ
ಅತ್ಲಾಕಡೆ ಅದರ ಜೋಡಿ ಹಾಳಿ ತಾನ ಸಡಲಾಗ್ತೈತಿ.
ನಮ್ಮ ಕಸಬಿನವರಿಗಷ್ಟ ಗೊತ್ತಿದ್ದ ಮಾತು.

ಹೊರಗ ಜವಾನನ ಮೇಜಿಗೆ ಜೋತುಬಿದ್ದಿದ್ದ ಯಮನೂರ.
ಸಿಕ್ಕ ರಬ್ಬರ್ ಸ್ಟಾಂಪು
ಎರಡೂ ಅಂಗೈಗೆ ಒತ್ತಿಕೊಂಡಿದ್ದ, ನೇರಳೆ ಮಸಿ ಹಸೀ ಹಸೀ.
"ಓದು ಕಾಕಾ" ಅಂದ.
ಓದಿದೆ: ಸ್ವೀಕರಿಸಲಾಗಿದೆ.
ಇನ್ನೊಂದು ಕೈಯಾಂದು ಉಲ್ಟಾ ಬಿದ್ದಿತ್ತು.